ಬಾಯಾರಬೇಕಿದ್ದ ತೆಂಗು

ಕೊಕ್ಕನೂರಿನ ಆ ತೋಟದ ಯಜಮಾನರನ್ನು ನೆನೆದರೆ ಇವತ್ತಿಗೂ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಬಿಸಿಲು, ತೇವ, ಗಾಳಿ ಹೆಚ್ಚುಕಡಿಮೆಯಾದರೆ ತೆಂಗು ಹೇಗೆ ಬೆಳೆಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವುದು ನನ್ನ ಕೆಲಸ. ಅದಕ್ಕಾಗಿ ಅವರ ಒಂದು ಸಾಲಿನ ಕೊನೆಯ ಮರಕ್ಕೆ ಕೆಂಪು ಬಣ್ಣ ಬಳಿದು, "ಬ್ಯಾಸಿಗಿ ಮುಗಿಯೋತನಕ ಇದೊಂದಕ್ಕೆ ನೀರು ಬಿಡಬ್ಯಾಡ್ರಿ" ಎಂದಿದ್ದೆ. ಅವರು ಹೆಗಲ ಟವೆಲ್ ಕೊಡವಿ, "ಆತು ಬಿಡ್ರಿ" ಎಂದರು. ಏನು ಹೇಳಿದರೂ ಅವರದು ಅದೇ ಮಾತು.

ದಾವಣಗೆರೆಯಲ್ಲಿ ಕೂತು ಲೆಕ್ಕವನ್ನು ಎಷ್ಟು ತಿದ್ದಿದರೂ ತಾಳೆಯಾಗದು; ಲೆಕ್ಕದ ಪ್ರಕಾರ ಒಣಗಬೇಕಿದ್ದ ಆ ಹಾಳು ಮರ ಬಾಡಲೊಲ್ಲದು! ಅಳೆಯಲು ಹೋದಾಗೆಲ್ಲ ಹೊಸ ಗರಿ. ಕೊನೆಗೊಂದು ಮಧ್ಯಾಹ್ನ ಹೇಳದೆ ಕೇಳದೆ ಹೋದೆ. ಕೆಂಪು ಮರದ ಬುಡದಲ್ಲಿ ನೀರು ನಿಂತಿತ್ತು.

"ಏನ್ರೀ ಇದು, ಯಜಮಾನ್ರೆ?"

"ಸಾಲಾಗಿ ಕುಂತೋರಿಗೆಲ್ಲ ಬಡಿಸಿ, ಕೊನೇಲಿ ಒಬ್ಬನ್ನ ಹೆಂಗ್ರಿ ಬಿಡೋದು? ಪಂಕ್ತಿಭೇದ ಮಾಡಬಾರ್ದು."

ಇಡೀ ಬೇಸಿಗೆಯ ದುಡಿಮೆ ಮಣ್ಣುಪಾಲು. ಬಾಯಿಗೆ ಬಂದಂತೆ ಬೈದೆ. "ಆತು ಬಿಡ್ರಿ, ಉಣ್ಣಾಕ ಏಳ್ರಿ" ಎಂದು ಒಳಗೆ ಹೋದರು. ನಾನು ಜಗಲಿಯಲ್ಲೇ ಮುಖ ತಿರುಗಿಸಿ ಕೂತೆ.

ಎಷ್ಟೋ ಹೊತ್ತಾದ ಮೇಲೆ ಇಣುಕಿದರೆ, ಬಡಿಸಿಟ್ಟ ಎರಡು ತಟ್ಟೆ. ಅವರು ಕೈಕಟ್ಟಿ ಕೂತಿದ್ದರು, ರೊಟ್ಟಿ ಮುರಿದಿರಲಿಲ್ಲ.

ಹಲ್ಲು ಕಡಿಯುತ್ತಲೇ ಹೋಗಿ ಪಕ್ಕದಲ್ಲಿ ಕೂತೆ.