ಒಕ್ಕಣ್ಣ ದೇವರ ಕಥೆ ಹೇಳುತ್ತಿದ್ದ ಚಾಚಾ

ಮೊನ್ನೆ ಸೊಸೆ ಅಟ್ಟದ ಮೇಲಿನ ಟ್ರಂಕು ಖಾಲಿ ಮಾಡುವಾಗ ಹಳೆಯ ಫೆಲ್ಟಿನ ತುಂಡೊಂದು ಸಿಕ್ಕಿತು. ಕಾಗದದ ಮಿಲ್ಲಿನಲ್ಲಿ ಹಸಿ ಹಾಳೆಯನ್ನು ಹೊತ್ತು ಓಡುವ ದಪ್ಪ ಉಣ್ಣೆಯ ಬಟ್ಟೆ ಅದು. ಸವೆದ ಮೇಲೆ ಕತ್ತರಿಸಿ ನಮಗೆ ಕೊಡುತ್ತಿದ್ದರು. ದಾಂಡೇಲಿಯ ಚಳಿಗೆ ಅದೇ ನಮ್ಮ ಕಂಬಳಿ. ಸೊಸೆ ಅದನ್ನು ಬಚ್ಚಲಲ್ಲಿ ನೆನೆಹಾಕಿದಳು. ಒದ್ದೆ ಉಣ್ಣೆಯ ವಾಸನೆ ಮನೆಯೆಲ್ಲ ತುಂಬಿತು. ಈಗ ನನಗೆ ಯಾವುದನ್ನೂ ನೆನೆಯುವ ಉಮೇದಿಲ್ಲ, ಮೊಣಕಾಲು ನೋವೇ ಸಾಕಾಗಿದೆ. ಆದರೂ ಚಾಚಾ ನೆನಪಾದರು...

ಅವರು ಹಳಿಯಾಳದವರು, ನಮ್ಮ ಪಾಳಿಯ ಫಿಟ್ಟರ್ ಮೇಸ್ತ್ರಿ. ಐವತ್ತರ ದಶಕದ ಕೊನೆಯಲ್ಲಿ ಯಂತ್ರ ಜೋಡಿಸಲು ನಾರ್ವೆಯಿಂದ ಒಬ್ಬ ಸಾಹೇಬ ಬಂದಿದ್ದನಂತೆ. ಚಾಚಾ ಅವನ ಕೈಕೆಳಗೆ ದುಡಿದವರು. ಇವರಿಗೆ ಇಂಗ್ಲಿಷ್ ಬಾರದು, ಅವನಿಗೆ ಹಿಂದಿ ಬಾರದು. ಊಟದ ಹೊತ್ತಿನಲ್ಲಿ ಸಾಹೇಬ ಕಬ್ಬಿಣದ ಹಾಳೆಯ ಮೇಲೆ ಸೀಮೆಸುಣ್ಣದಿಂದ ತನ್ನ ಊರಿನ ಹಳೇ ದೇವರುಗಳ ಚಿತ್ರ ಬರೆದು, ಕೈಸನ್ನೆಯಲ್ಲೇ ಕಥೆ ಹೇಳುತ್ತಿದ್ದ. ಚಾಚಾ ಅವನ್ನೆಲ್ಲ ನಮ್ಮ ಕನ್ನಡಕ್ಕೆ ತಂದು ಚಹಾದ ಹೊತ್ತಿಗೆ ನಮಗೆ ಬಡಿಸುತ್ತಿದ್ದರು.

“ಇವು ನಿಮ್ಮ ದೇವರೂ ಅಲ್ಲ, ನಮ್ಮವೂ ಅಲ್ಲ. ಹೆಂಗ ಹೇಳಿದ್ರೂ ಯಾರೂ ಜಗಳಕ್ಕ ಬರೂದಿಲ್ಲ,” ಎಂದು ಶುರು ಮಾಡುವರು.

ಓಡಿನ್ ಎಲ್ಲರಿಗೂ ಹಿರಿಯ. ಜ್ಞಾನದ ಬಾವಿಯ ಒಂದು ಗುಟುಕು ನೀರಿಗಾಗಿ ಒಂದು ಕಣ್ಣನ್ನೇ ಕಿತ್ತುಕೊಟ್ಟವನು. ಅವನ ಹೆಂಡತಿ ಫ್ರಿಗ್‌ಗೆ ಆಗುವುದೆಲ್ಲ ಮೊದಲೇ ಗೊತ್ತು, ಆದರೆ ಬಾಯಿ ಬಿಡುವುದಿಲ್ಲ. ಮಗ ಥೋರ್ ಸುತ್ತಿಗೆ ಬೀಸಿದರೆ ಗುಡುಗು. ಅವನ ಗಾಡಿಗೆ ಎರಡು ಹೋತ. ಕೊಯ್ದು ತಿಂದರೂ ಮೂಳೆ ಮುರಿಯದಿದ್ದರೆ ಬೆಳಿಗ್ಗೆ ಮತ್ತೆ ಎದ್ದು ನಿಲ್ಲುತ್ತಿದ್ದವು. “ಇಂಥಾ ಹೋತ ಒಂದ ಸಿಕ್ಕಿದ್ರ ಜನ್ಮಕ್ಕೆಲ್ಲಾ ಒಂದ ಬಕ್ರೀದು ಸಾಕಾಗ್ತಿತ್ತು,” ಎಂದು ಚಾಚಾ ನಗುತ್ತಿದ್ದರು. ಚೆಲುವೆ ಫ್ರೇಯಾಳ ಗಾಡಿಯನ್ನು ಬೆಕ್ಕುಗಳು ಎಳೆಯುತ್ತಿದ್ದವು. ಎಲ್ಲ ಕಥೆಯಲ್ಲೂ ಕಡ್ಡಿ ಆಡಿಸಲು ಲೋಕಿ ಇದ್ದೇ ಇರುತ್ತಿದ್ದ. ಚಾಚಾ ಅವನನ್ನು ಒಂದು ಕಥೆಯಲ್ಲೂ ಬಿಡುತ್ತಿರಲಿಲ್ಲ.

ಹೊಸಬರು ಕೆಲಸಕ್ಕೆ ಬಂದ ದಿನ ಮಾತ್ರ ನಗು ಇರುತ್ತಿರಲಿಲ್ಲ. ತೋಳದ ಬಾಯಿಗೆ ಕೈಯಿಟ್ಟು ಅದನ್ನು ಕಳಕೊಂಡ ಟೀರ್ ದೇವರ ಕಥೆ ಹೇಳಿ, ತಿರುಗುವ ಎರಡು ರೋಲುಗಳ ಸಂದಿ ತೋರಿಸಿ, ತಮ್ಮ ಎರಡು ಬೆರಳಿಲ್ಲದ ಎಡಗೈ ಎತ್ತುತ್ತಿದ್ದರು. “ಇದ ತೋಳದ ಬಾಯಿ. ನಾ ಕೊಟ್ಟೇನಿ, ನೀವು ಕೊಡಬ್ಯಾಡ್ರಿ.” ನಮ್ಮ ಪಾಳಿಯಲ್ಲಿ ಅದೇ ಮೊದಲ ಪಾಠ. ನಾನೂ ಅದನ್ನು ಕಲಿತೇ ಒಳಗೆ ಹೋದವನು.

ಚಾಚಾನ ಮಗನೂ ನಮ್ಮ ಪಾಳಿಯಲ್ಲೇ ಹೆಲ್ಪರ್ ಆಗಿದ್ದ. ಒಂದು ದಿನ ಹಾಳೆ ಹರಿದು ಎಲ್ಲರೂ ಓಡಾಡುವ ಗಡಿಬಿಡಿಯಲ್ಲಿ, ಯಂತ್ರದ ಜಾಲರಿಯ ಮೇಲೆ ನಟ್ಟು ತಿರುಗಿಸುವ ಒಂದು ಪಾನಾ ಬಿದ್ದು ಜಾಲರಿ ಸೀಳಿತು. ಪರದೇಶದಿಂದ ತರಿಸಿದ ಜಾಲರಿ. ತಪ್ಪು ಮಗನ ತಲೆಗೆ ಬಂತು, ಕೆಲಸ ಹೋಯಿತು. ಆದರೆ ಪಾನಾ ಫೋರಮನ್‌ನ ಕೈಯಿಂದ ಜಾರಿದ್ದು. ಆಗ ಹುಡುಗ ನನ್ನ ಮಗ್ಗುಲಲ್ಲೇ ಹರಿದ ಕಾಗದ ಎಳೆಯುತ್ತಿದ್ದ. ಕಣ್ಣಾರೆ ಕಂಡವನು ನಾನೊಬ್ಬನೇ.

ಹುಡುಗನ ತಪ್ಪಿಲ್ಲವೆಂದು ಪಾಳಿಯವರೆಲ್ಲ ಒಬ್ಬರೂ ಬಿಡದೆ ಸಹಿ ಮಾಡಿಕೊಟ್ಟರೆ ಮತ್ತೆ ವಿಚಾರ ಮಾಡುತ್ತೇನೆ ಎಂದು ದೊಡ್ಡ ಸಾಹೇಬರು ಹೇಳಿದರು. ಚಾಚಾ ಅರ್ಜಿ ಹಿಡಿದು ಮನೆಮನೆಗೆ ತಿರುಗಿದರು. ಏನೂ ಕಾಣದವರೂ ಸಹಿ ಹಾಕಿದರು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು. ನಾನು ಎರಡು ದಿನ “ನಾಳೆ ಹಾಕ್ತೇನಿ ಚಾಚಾ” ಎಂದೆ. ಆ ತಿಂಗಳೇ ನನ್ನ ನೌಕರಿ ಕಾಯಂ ಆಗಬೇಕಿತ್ತು, ಅದಕ್ಕೆ ವರದಿ ಬರೆಯುವವನು ಅದೇ ಫೋರಮನ್.

ಮೂರನೆಯ ದಿನ ರವಿವಾರ. ಮಧ್ಯಾಹ್ನ ಚಾಚಾ ಬರುವುದು ಕಿಟಕಿಯಿಂದ ಕಂಡಿತು. ನಾನು ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ಕುಳಿತೆ. ಹೆಂಡತಿ ಬಾಗಿಲಿಗೆ ಹೋದಳು.

“ಮನ್ಯಾಗ ಇಲ್ರೀ ಚಾಚಾ, ಮಳಗಿ ಊರಿಗೆ ಹೋಗ್ಯಾರ.”

ನನ್ನ ಚಪ್ಪಲಿ ಹೊಸ್ತಿಲ ಹೊರಗೇ ಇತ್ತು. ನನಗೂ ಹೆಂಡತಿಗೂ ಅದು ಹೊಳೆದಿರಲಿಲ್ಲ.

“ಹೌದೇನವ್ವಾ. ಬಂದಮ್ಯಾಲ ಚಾಚಾ ಬಂದಿದ್ದ ಅಂತ ಹೇಳು. ಇವತ್ತ ಸಂಜಿತನಾ ಐತಿ ವ್ಯಾಳೇ.”

ಸಂಜೆಯಾಯಿತು. ನಾನು ಹೋಗಲಿಲ್ಲ.

ಅರ್ಜಿ ಬಿದ್ದುಹೋಯಿತು. ಹುಡುಗ ಗೋವೆ ಹಾದಿಯ ರಾಮನಗರಕ್ಕೆ ಹೋಗಿ ಲಾರಿ ರಿಪೇರಿಗೆ ಸೇರಿದ, ಅಲ್ಲಿಂದ ಗೋವೆಗೆ ದಾಟಿದ. ಆಮೇಲೆ ಕಾಗದವೂ ಇಲ್ಲ, ಸುದ್ದಿಯೂ ಇಲ್ಲ. ಚಾಚಾ ಮಾತ್ರ ಒಂದು ದಿನವೂ ಪಾಳಿ ತಪ್ಪಿಸಲಿಲ್ಲ. ನನ್ನ ಚಹಾವನ್ನೂ ಎಂದಿನಂತೆ ನನ್ನ ಕಡೆ ಸರಿಸುತ್ತಿದ್ದರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಕೆಲವು ವಾರಗಳ ಮೇಲೆ ಅವರು ಬಾಲ್ಡರನ ಕಥೆ ಹೇಳಿದರು. ಅದನ್ನು ನಾವು ಕೇಳಿದ್ದು ಅದೇ ಮೊದಲು. ಫ್ರಿಗ್‌ಳ ಮುದ್ದಿನ ಮಗ ಬಾಲ್ಡರ್. ಅವನಿಗೆ ಕೇಡು ಮಾಡುವುದಿಲ್ಲವೆಂದು ತಾಯಿ ಕಲ್ಲು, ಕಬ್ಬಿಣ, ಬೆಂಕಿ ಎಲ್ಲದರಿಂದ ಆಣೆ ಮಾಡಿಸಿದಳು. ಮರದ ಮೇಲೆ ಹಬ್ಬುವ ಬದನಿಕೆಯನ್ನು ಮಾತ್ರ ಇನ್ನೂ ಎಳೆಯದು ಎಂದು ಬಿಟ್ಟಳು. ಲೋಕಿ ಅದರದೇ ಬಾಣ ಮಾಡಿಸಿ ಅವನನ್ನು ಕೊಲ್ಲಿಸಿದ. ಲೋಕದಲ್ಲಿರುವ ಎಲ್ಲರೂ ಅತ್ತರೆ ಮಗನನ್ನು ತಿರುಗಿ ಕೊಡುತ್ತೇನೆ ಎಂದಳು ಸತ್ತವರ ರಾಣಿ ಹೆಲ್. ಮನುಷ್ಯರು ಅತ್ತರು, ಕಲ್ಲೂ ಅತ್ತಿತು. ಗವಿಯಲ್ಲಿದ್ದ ಒಬ್ಬ ಮುದುಕಿ ಮಾತ್ರ ಅಳಲಿಲ್ಲ. ಬಾಲ್ಡರ್ ಬರಲಿಲ್ಲ.

ನಾನು ತಲೆ ಎತ್ತಲಿಲ್ಲ.

“ಯಾರ್ರೀ ಆಕಿ? ಅಂಥಾ ಕಲ್ಲೆದಿ?” ಎಂದು ಹೊಸಬನೊಬ್ಬ ಕೇಳಿದ.

“ಕೆಟ್ಟಾಕಿ ಅಲ್ಲ ಬೇಟಾ,” ಅಂದರು ಚಾಚಾ. “ಅಂಜಿದ್ದಳು ಪಾಪ. ಅಂಜಿದವರ ಹೆಸರು ಹೇಳಬಾರದು.” ಮಿಲ್ಲಿನ ಭೋಂಗಾ ಕೂಗಿತು, ಎಲ್ಲರೂ ಎದ್ದೆವು.

ಚಾಚಾ ನಿವೃತ್ತರಾದರು, ಹಳಿಯಾಳದಲ್ಲೇ ತೀರಿಕೊಂಡರು. ಮಣ್ಣಿಗೆ ನಾನು ಹೋಗಿದ್ದೆ, ಮಗ ಬಂದಿರಲಿಲ್ಲ.

ಫೆಲ್ಟು ಒಣಗಿದ ದಿನ ಮೊಮ್ಮಗಳಿಗೆ ಇದೇ ಬಾಲ್ಡರನ ಕಥೆ ಹೇಳಿದೆ. ಅವಳು ಫೋನಿನಲ್ಲಿ ಹುಡುಕಿ ತೆಗೆದಳು. “ಅಜ್ಜಾ, ಆಕಿ ಮುದುಕಿ ಅಲ್ಲಂತ. ಲೋಕಿನೇ ಮುದುಕಿ ವೇಷ ಹಾಕ್ಕೊಂಡ ಕುಂತಿದ್ನಂತ.”

ಒಂದು ಕಥೆಯಲ್ಲೂ ಲೋಕಿಯನ್ನು ಬಿಡದ ಚಾಚಾ ಆ ಗವಿಯಲ್ಲಿ ಮಾತ್ರ ಅವನನ್ನು ಬಿಟ್ಟಿದ್ದರು. ಎದುರಿಗೆ ನಾನು ಕುಳಿತಿದ್ದೆನಲ್ಲ, ಅದಕ್ಕೆ. ಮಗನನ್ನು ಕಳಕೊಂಡ ಮನುಷ್ಯ ನನ್ನ ಮಾನ ಕಾದಿದ್ದ. ಇಷ್ಟು ವರ್ಷ ನಾನೂ ಅವರ ಮಾತನ್ನೇ ಹಿಡಿದುಕೊಂಡು, ಅಂಜಿದ್ದೆ ಅಷ್ಟೇ, ಎಂದು ಸಮಾಧಾನ ಮಾಡಿಕೊಂಡಿದ್ದೆ. ಹೇಳಿಬಿಡಬೇಕು ಅನ್ನಿಸುತ್ತದೆ, ಕೇಳಬೇಕಾದವರು ಇಲ್ಲ. ಅಂಜಿದ್ದು ನಿಜ, ಚಾಚಾ. ಆದರೆ ಆ ತಿಂಗಳ ಕೊನೆಗೆ ಕಾಯಂ ಆದ ಪತ್ರ ಕೈಗೆ ಬಂದಾಗ ನಾನು ಪೇಢೆ ಹಂಚಿದೆ.