ಚರ್ಚಿನ ಬಾಗಿಲಲ್ಲಿ ಬಿಟ್ಟ ಬೂಟು

ಸ್ಯಾನ್ ಹೋಸೆಯ ಎವರ್‌ಗ್ರೀನ್ ಬಡಾವಣೆಯಲ್ಲಿ ನಾವು ಮನೆ ಕೊಂಡಾಗ ಆ ಬೀದಿಯೇ ಹೊಸದು. ನನ್ನ ಮದುವೆಯಲ್ಲಿ ಬಂದ ಪ್ರೆಶರ್ ಕುಕ್ಕರು ಅಲ್ಲಿನ ಎಲ್ಲ ಮನೆಗಳಿಗಿಂತ ಹಳೆಯದು. ಅಂಥ ಕಡೆ ಇದ್ದೂ ಇದ್ದೂ ನಮ್ಮ ಯಜಮಾನರಿಗೆ ಹಳೆಯದೇನಾದರೂ ನೋಡಬೇಕೆಂಬ ಹುಚ್ಚು ಹಿಡಿಯಿತು. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಅತ್ತೆಯವರನ್ನು ಊರಿಗೆ ಬಿಟ್ಟುಬರಲು ಇವರು, ನಾನು, ಮೂರನೇ ಕ್ಲಾಸಿನ ಮಗಳು ಹೊರಟಿದ್ದೆವು. ವಿಮಾನ ಹೋಗುವುದು ಲಂಡನ್ ಮೇಲೆ. “ಹೇಗೂ ಅಲ್ಲಿ ಇಳೀಲೇಬೇಕು, ನಾಲ್ಕು ದಿನ ಇದ್ದು ಇಂಗ್ಲೆಂಡಿನ ಹಳೇ ಸಂತೆಯೂರುಗಳನ್ನ ನೋಡ್ಕೊಂಡು ಹೋಗೋಣ,” ಅಂದರು. ಇವರ ಜೊತೆ ಓದಿದ ಹಾಸನದ ಡಾಕ್ಟರೊಬ್ಬರು ಅಲ್ಲಿನ ಆಸ್ಪತ್ರೆಯೊಂದರಲ್ಲಿದ್ದರು. ಮನೆಯೂ ಇದೆ, ಕಾರೂ ಇದೆ, ಬನ್ನಿ ಅಂದರು. ಅವರಿಗಿನ್ನೂ ಮದುವೆಯಾಗಿರಲಿಲ್ಲ. ಅಡುಗೆಮನೆ ಖಾಲಿ ಸಿಗುತ್ತದಲ್ಲ, ದೇವರ ದಯೆ ಅಂದುಕೊಂಡೆ.

ಅತ್ತೆಯವರು ನಮ್ಮಲ್ಲಿಗೆ ಬಂದಿದ್ದೇ ಕಾಲಿನ ಸಲುವಾಗಿ. ಎಡಗಾಲಿನ ಹೆಬ್ಬೆರಳ ಮೂಳೆ ಪಕ್ಕಕ್ಕೆ ಹೊರಳಿ, ಕಾಲೂರಿದರೆ ಜೀವ ಹೋಗುವ ಹಾಗಾಗಿತ್ತು. ಸ್ಯಾನ್ ಹೋಸೆಯಲ್ಲಿ ಆಪರೇಶನ್ ಆಯಿತು. ಅವರು ಊರಿನಿಂದ ಹೊರಡುವ ದಿನ ಅವರ ಹಿರಿ ಓರಗಿತ್ತಿ, ನಮಗೆ ದೊಡ್ಡತ್ತೆ, ಕುಂಕುಮ ಕೊಟ್ಟು, “ಹೋಗೋವಾಗ ನಡ್ಕೊಂಡು ಹೋಗ್ತಿದೀಯ. ಬರೋವಾಗ ತಳ್ಳೋ ಕುರ್ಚೀಲಿ ಬರ್ತೀಯ, ನೋಡ್ತಿರು,” ಅಂದಿದ್ದರಂತೆ. ಅತ್ತೆ ಇದನ್ನು ನನಗೆ ಹೇಳಿದ್ದು ಒಂದೇ ಸಲ. ಆದರೆ ಕಟ್ಟು ಬಿಚ್ಚಿದಾಗ, ಹಿತ್ತಲಲ್ಲಿ ಬೇಲಿ ಹಿಡಿದು ಹೆಜ್ಜೆ ಇಡುವುದನ್ನು ಮತ್ತೆ ಕಲಿತಾಗ, ಅವರ ಮುಖದ ಮೇಲೆ ಅದೇ ಮಾತು ಕೂತಿರುತ್ತಿತ್ತು. ಬೆಂಗಳೂರಿನಲ್ಲಿ ವಿಮಾನದ ಮೆಟ್ಟಿಲನ್ನು ತಾವೇ ಇಳಿಯಬೇಕು, ಅದನ್ನು ದೊಡ್ಡತ್ತೆ ನೋಡಬೇಕು. ದೇವರ ಹತ್ತಿರ ಅವರು ಆ ವರ್ಷ ಬೇರೇನಾದರೂ ಕೇಳಿದ್ದರೆ ನನಗೆ ತಿಳಿಯದು.

ಅವರನ್ನು ನಡೆಸುತ್ತಿದ್ದುದು ಒಂದು ಜೊತೆ ಬೂಟು. ಅವರ ಕಾಲಿನದೇ ಅಚ್ಚು ತೆಗೆದು ಮಾಡಿದ್ದು. ಚರ್ಮ ಮುಟ್ಟುವುದಿಲ್ಲ ಅಂದಿದ್ದಕ್ಕೆ ಬೂಟು ಮಾಡುವವನು ತಲೆ ಕೆರೆದುಕೊಂಡು, ದಪ್ಪ ಬಟ್ಟೆ ಮತ್ತು ರಬ್ಬರಿನಲ್ಲೇ ಹೊಲಿದುಕೊಟ್ಟಿದ್ದ. ಕಪ್ಪಗೆ, ದುಂಡಗೆ, ಎರಡು ಪುಟ್ಟ ಹಡಗುಗಳ ಹಾಗಿದ್ದವು. ಹಾಕಿಕೊಂಡರೆ ಅತ್ತೆ ಬೀದಿಯ ಆ ತುದಿಯವರೆಗೂ ಹೋಗಿಬರುವರು. ಬಿಚ್ಚಿದರೆ ದೇವರ ಮನೆಯಿಂದ ಅಡುಗೆಮನೆಗೆ, ಅಷ್ಟೆ.

ಮೊದಲ ದಿನ ಡಾಕ್ಟರು ಒಂದು ಕೋಟೆಗೆ ಕರೆದೊಯ್ದರು. ಗೋಡೆ ಇತ್ತು, ಮೇಲೆ ಏನೂ ಇರಲಿಲ್ಲ. ಒಳಗೆ ಹುಲ್ಲು ಬೆಳೆದಿತ್ತು. ಒಳಗೆ ಹೋಗಲು ಟಿಕೆಟು.

“ಅಮ್ಮ, ಇದು ಒಂಬೈನೂರು ವರ್ಷ ಹಳೇದು,” ಅಂದರು ಡಾಕ್ಟರು.

“ಅದಕ್ಕೇ ಹೀಗಾಗಿದೆ. ಯಾರೂ ರಿಪೇರಿ ಮಾಡಿಸಲಿಲ್ವಾ?” ಅಂದರು ಅತ್ತೆ.

ಎರಡನೇ ದಿನ ನೋಡಿದ ಊರಿನಲ್ಲಿ ಮನೆಗಳೆಲ್ಲ ಒಂದರ ಹೆಗಲ ಮೇಲೊಂದು ಒರಗಿ ನಿಂತಿದ್ದವು. ಬಿಳಿ ಗೋಡೆಗೆ ಕಪ್ಪು ತೊಲೆ, ಬಾಗಿದ ಕಿಟಕಿ. ನಡುವೆ ಕಲ್ಲುಕಂಬಗಳ ಮೇಲೆ ಒಂದು ಮಂಟಪ. ಹಿಂದೆ ಅಲ್ಲಿ ಬೆಣ್ಣೆ ಮಾರುತ್ತಿದ್ದರಂತೆ. ಇವರು ಅದನ್ನು ನಾಲ್ಕೂ ಕಡೆಯಿಂದ ಫೋಟೋ ತೆಗೆದರು. ಪ್ರತಿ ಫೋಟೋದಲ್ಲೂ ಅದರ ಮುಂದೆ ನಾನು ಚೀಲ ಹಿಡಿದು ನಿಂತಿದ್ದೇನೆ. ಮಗಳು ದಾರಿಯುದ್ದಕ್ಕೂ ಫ್ರೀವೇ ಎಲ್ಲಿ ಅಂತ ಇಂಗ್ಲಿಷಿನಲ್ಲಿ ಕೇಳುತ್ತಲೇ ಇದ್ದಳು. ಎರಡು ಬೇಲಿಗಳ ನಡುವೆ ಒಂದೇ ಕಾರು ಹಿಡಿಸುವ ದಾರಿ. ಎದುರಿಗೆ ಬಂದವರು ಹಿಂದಕ್ಕೆ ಹೋಗಿ ನಮಗೆ ಜಾಗ ಬಿಟ್ಟು, ತಾವೇ ಕೈಯೆತ್ತಿ ಥ್ಯಾಂಕ್ಸ್ ಹೇಳುತ್ತಿದ್ದರು. ಚಹಾದಂಗಡಿಯ ತಿಂಡಿಗೆಲ್ಲ ಮೊಟ್ಟೆ ಹಾಕಿರುತ್ತಾರೆ ಎಂಬ ಅನುಮಾನದಿಂದ ನಾವು ಹೊಳೆ ದಂಡೆಯ ಬೆಂಚಿನ ಮೇಲೆ ಕೂತು ಪುಳಿಯೋಗರೆ ತಿಂದೆವು. ಬೆಳಗಿನಿಂದ ಹನಿಯುತ್ತಿದ್ದ ಮಳೆ ಡಬ್ಬಿ ತೆಗೆದಾಗ ನಿಂತು, ಮುಚ್ಚಿದ ಮೇಲೆ ಶುರುವಾಯಿತು. ಇಂಥದನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತೇನೆ. ದೊಡ್ಡದನ್ನು ಕೊಡುವಾಗ ದೇವರಿಗೆ ಯೋಚನೆ ಇರುತ್ತದೆ, ಚಿಕ್ಕದನ್ನು ಕೇಳದೆಯೇ ಕೊಡುತ್ತಾನೆ.

ಮೂರನೇ ದಿನದ ಊರಿನಲ್ಲಿ ಅವತ್ತು ಸಂತೆ. ಚೌಕದ ತುಂಬ ಪಟ್ಟೆಪಟ್ಟೆ ಬಟ್ಟೆಯ ಚಪ್ಪರ ಹಾಕಿದ ಅಂಗಡಿಗಳು. ಬ್ರಶ್ಶು, ಬೀಗ, ಗಾಲಿಯ ಹಾಗಿರುವ ಚೀಸಿನ ದೊಡ್ಡ ಗಟ್ಟಿ, ಹೂವಿನ ಸಸಿ, ಉಣ್ಣೆಯ ಉಂಡೆ. ಅತ್ತೆ ಮೂರು ದಿನದಲ್ಲಿ ಮೊದಲ ಸಲ ಕಾರಿನಿಂದ ಎಲ್ಲರಿಗಿಂತ ಮುಂಚೆ ಇಳಿದರು. ಬೂಟು ಹಾಕಿದ ಕಾಲಲ್ಲಿ ಸಾಲಿಂದ ಸಾಲಿಗೆ ಹೋದರು. ಹುರುಳಿಕಾಯಿ ಮುರಿದು ನೋಡಿ, “ಬಲಿತುಬಿಟ್ಟಿದೆ,” ಎಂದು ಅಂಗಡಿಯವನಿಗೇ ಕನ್ನಡದಲ್ಲಿ ಹೇಳಿದರು. ಅವನು ಹೌದೆಂದು ತಲೆಯಾಡಿಸಿದ.

“ಕೋಟೆಗೆ ಯಾಕಪ್ಪಾ ಕರ್ಕೊಂಡು ಹೋದೆ? ಮೊದಲೇ ಇಲ್ಲಿಗೆ ಬರಬಾರದಿತ್ತಾ?” ಎಂದು ಡಾಕ್ಟರನ್ನು ಕೇಳಿದರು.

ಸಂತೆಯ ತುದಿಗೆ ಚರ್ಚು. ಉಣ್ಣೆ ವ್ಯಾಪಾರದಲ್ಲಿ ದುಡ್ಡು ಮಾಡಿದವರು ಕಟ್ಟಿಸಿದ್ದಂತೆ, ಊರಿಗಿಂತ ಅದೇ ದೊಡ್ಡದು. ಡಾಕ್ಟರೂ ಇವರೂ ಮಗಳೂ ಗೋಪುರದ ಫೋಟೋಕ್ಕೆಂದು ಹಿಂದೆ ಉಳಿದರು. ಅತ್ತೆಯೂ ನಾನೂ ಬಾಗಿಲಿಗೆ ಬಂದೆವು. ಬಾಗಿಲ ಮುಂದಿನ ಚಾವಣಿಯ ಕೆಳಗೆ ಒಂದು ಉದ್ದನೆಯ ಮೇಜು, ಮೇಲೆ ಬಟ್ಟೆಗಳ ರಾಶಿ. ಕೆಳಗೆ ಗೋಡೆಗುಂಟ ಬೂಟು, ಚಪ್ಪಲಿಗಳ ಸಾಲು.

“ನೋಡು, ಇವರೂ ಹೊರಗೇ ಬಿಟ್ಟು ಹೋಗಿದಾರೆ,” ಅಂದರು ಅತ್ತೆ. “ಸುಮ್ಮನೆ ಅಂತಾರೆ, ಬೂಟು ಹಾಕ್ಕೊಂಡೇ ಒಳಗೆ ಹೋಗ್ತಾರೆ ಅಂತ.”

ನನಗೂ ಸಮಾಧಾನವಾಯಿತು. ಅತ್ತೆ ಮೇಜು ಹಿಡಿದು ಬೂಟು ಬಿಚ್ಚಿ, ಸಾಲು ಕೆಡದಂತೆ ಕೊನೆಗೆ ಇಟ್ಟರು. ನಾನು ಪಕ್ಕದಲ್ಲಿ ನನ್ನ ಚಪ್ಪಲಿ ಬಿಟ್ಟೆ. ಒಳಗೆ ಒಬ್ಬರೂ ಇರಲಿಲ್ಲ. ಅಷ್ಟೊಂದು ಜೊತೆ ಬೂಟಿನವರು ಎಲ್ಲಿ ಹೋದರೆಂದು ಆಗಲೇ ಕೇಳಿಕೊಳ್ಳಬೇಕಿತ್ತು, ಕೇಳಿಕೊಳ್ಳಲಿಲ್ಲ. ಕಲ್ಲು ತಣ್ಣಗಿತ್ತು. ಅತ್ತೆ ನನ್ನ ತೋಳು ಹಿಡಿದು ಒಂದು ಬೆಂಚಿನವರೆಗೆ ಬಂದು, ಕಣ್ಣು ಮುಚ್ಚಿ ಸಹಸ್ರನಾಮದಲ್ಲಿ ಬಾಯಿಗೆ ಬಂದಷ್ಟು ಹೇಳಿಕೊಂಡರು. ಬಣ್ಣದ ಗಾಜಿನ ಬೆಳಕು ಅವರ ಸೀರೆಯ ಮೇಲೆ ಬಿದ್ದಿತ್ತು. ನೋಡಲು ಚೆನ್ನಾಗಿತ್ತು, ನಾವು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಕೂತೆವು.

ಹೊರಗೆ ಬಂದಾಗ ಬೂಟು ಇರಲಿಲ್ಲ. ನನ್ನ ಚಪ್ಪಲಿ ಇತ್ತು. ಮೇಜಿನ ಹಿಂದೆ ಈಗ ಒಬ್ಬಾಕೆ ಕೂತು ದಾರ ಸುತ್ತುತ್ತಿದ್ದರು. ಅದು ಚರ್ಚಿನ ಸೂರು ಸರಿಮಾಡಿಸಲು ಊರಿನವರು ಕೊಟ್ಟ ಹಳೇ ಸಾಮಾನು ಮಾರುವ ಅಂಗಡಿ. ಕಪ್ಪು ಬೂಟನ್ನು ಆಗಷ್ಟೇ ಒಬ್ಬರು ಕೊಂಡುಹೋದರಂತೆ. ನನ್ನ ಚಪ್ಪಲಿಯನ್ನು ಇಬ್ಬರು ಎತ್ತಿ ನೋಡಿ ಅಲ್ಲೇ ಇಟ್ಟರಂತೆ. ಈ ಎರಡನೆಯದನ್ನು ಆಕೆ ಹೇಳಬೇಕಾದ್ದೇನೂ ಇರಲಿಲ್ಲ.

ಡಾಕ್ಟರು ಬಂದರು, ಇವರು ಬಂದರು. ಆ ಹೆಂಗಸು ಸಾರಿ, ಸಾರಿ ಎನ್ನುತ್ತ ಬಿಳಿಚಿಕೊಂಡರು. ಅತ್ತೆ ಚಾವಣಿಯ ಕೆಳಗಿನ ಕಲ್ಲುಕಟ್ಟೆಯ ಮೇಲೆ ಕೂತರು.

“ಇನ್ನೊಂದು ಜೊತೆ ಮಾಡಿಸೋಣ ಬಿಡಮ್ಮ,” ಅಂದರು ಇವರು.

“ನಾಡಿದ್ದಿನೊಳಗಾ?” ಅಂದರು ಅತ್ತೆ.

ಅಚ್ಚಿಗೇ ವಾರಗಟ್ಟಲೆ ಬೇಕು.

“ಏರ್‌ಪೋರ್ಟಿನಲ್ಲಿ ಕೇಳಿದರೆ ವೀಲ್‌ಚೇರು ಕೊಡ್ತಾರೆ. ಅದರಲ್ಲೇನಿದೆ, ಎಷ್ಟೋ ಜನ ಕೂತ್ಕೊತಾರೆ,” ಅಂದರು ಇವರು.

ಮದುವೆಯಾದಾಗಿನಿಂದ ನಾನು ಯಜಮಾನರ ಕಾಲನ್ನು ತುಳಿದದ್ದು ಅವತ್ತೊಂದೇ ಸಲ. ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡರು. ನಾನು ರಾಯರಿಗೆ ಹರಕೆ ಹೊತ್ತೆ. ಚರ್ಚಿನ ಬಾಗಿಲಲ್ಲಿ ನಿಂತು ಹೊರುವುದು ಸರಿಯೋ ತಪ್ಪೋ ಗೊತ್ತಿರಲಿಲ್ಲ. ಅವರವರಲ್ಲಿ ಮಾತಾಡಿಕೊಳ್ಳಲಿ ಎಂದುಕೊಂಡೆ.

ಅಷ್ಟರಲ್ಲಿ ಅಂಗಡಿಯಾಕೆಗೆ ನೆನಪಾಯಿತು. ಕೊಂಡವರು ಸಂತೆಯಲ್ಲಿ ಸಸಿ ಮಾರುವ ಮುದುಕಿ, ಅವರಿಗೂ ಕಾಲಿನ ತೊಂದರೆ. ಅತ್ತೆ ಎದ್ದರು. ನೀವಿಲ್ಲೇ ಇರಿ, ತರುತ್ತೇವೆ ಅಂದರೆ ಕೇಳಲಿಲ್ಲ. ಮಗನ ಬೂಟು ಕೇಳಿ ಇಸಿದುಕೊಂಡು ಹಾಕಿಕೊಂಡರು. ಅದರ ಒಂದರಲ್ಲೇ ಅವರ ಎರಡೂ ಕಾಲು ಹಿಡಿಸುತ್ತಿತ್ತು. ಒಂದು ಕಡೆ ನಾನು, ಇನ್ನೊಂದು ಕಡೆ ಡಾಕ್ಟರು ಹಿಡಿದು ಹೊರಟೆವು. ಹಿಂದೆ ಇವರು ಕಾಲುಚೀಲದಲ್ಲಿ, ಕೊರಳಲ್ಲಿ ಕ್ಯಾಮೆರಾ. ಮಗಳು ತನಗೂ ನಮಗೂ ಸಂಬಂಧವಿಲ್ಲದ ಹಾಗೆ ಸಾಕಷ್ಟು ದೂರ ಬಿಟ್ಟು ಬರುತ್ತಿದ್ದಳು.

ಸಸಿ ಮಾರುವ ಮುದುಕಿ ಮಡಿಸುವ ಕುರ್ಚಿಯ ಮೇಲೆ ಕೂತಿದ್ದರು. ಕಾಲಲ್ಲಿ ಅತ್ತೆಯ ಬೂಟು. ಅವರದೇ ಹಳೇ ಜೋಡು ಪಕ್ಕದಲ್ಲಿ ಮಗುಚಿ ಬಿದ್ದಿತ್ತು. ಡಾಕ್ಟರು ವಿಷಯ ಹೇಳುತ್ತಿದ್ದ ಹಾಗೆ ಆಕೆ ಅವರ ಮಾತು ಬಿಟ್ಟು ಅತ್ತೆಯ ಕಾಲು ನೋಡಿದರು. ಆಮೇಲೆ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು. ಬಿಚ್ಚುತ್ತಲೇ ಏನೋ ಗೊಣಗಿದರು.

“ಏನಂತಾರೆ?” ಅಂದರು ಅತ್ತೆ.

“ಬೆಳಗಿಂದ ಕಾಲು ನೋಯದೆ ಇದ್ದದ್ದು ಈ ಒಂದು ಗಳಿಗೆ ಅಂತೆ.”

ಬೂಟು ಅತ್ತೆಯ ಮುಂದೆ ಬಂದಿತು. ಅವರು ತಕ್ಷಣ ಹಾಕಿಕೊಳ್ಳಲಿಲ್ಲ. ಆಕೆಯ ಎದುರು ಒಂದು ಮರದ ಪೆಟ್ಟಿಗೆಯ ಮೇಲೆ ಕೂತು, ಆಕೆಯ ಪಾದವನ್ನೇ ದಿಟ್ಟಿಸಿದರು. ಅದೇ ಹೆಬ್ಬೆರಳು, ಅದೇ ಕಡೆಗೆ ಹೊರಳಿದ್ದು. ಅತ್ತೆ ಮಗನ ಬೂಟು ಕಳಚಿ, ತಮ್ಮ ಕಾಲು ಮುಂದೆ ಚಾಚಿ ಹೊಲಿಗೆ ಹಾಕಿದ ಗುರುತು ತೋರಿಸಿದರು. ಆಕೆ ಕನ್ನಡಕ ಹಾಕಿಕೊಂಡು ನೋಡಿದರು, ತಮ್ಮ ಕಾಲಿನ ಗಂಟು ಮುಟ್ಟಿ ತೋರಿಸಿದರು. ಅತ್ತೆ ಮಲಗುವಾಗ ಬೆಚ್ಚಗೆ ಹರಳೆಣ್ಣೆ ತಿಕ್ಕಬೇಕೆಂದು ಕೈಯಲ್ಲೇ ತಿಕ್ಕಿ ಹೇಳಿದರು. ಆಕೆ ಇಂಗ್ಲಿಷಿನಲ್ಲಿ ಇನ್ನೇನೋ ಹೇಳಿದರು. ಡಾಕ್ಟರು ತರ್ಜುಮೆ ಮಾಡಲು ಬಾಯಿ ತೆಗೆದರೆ, “ನೀನು ಸುಮ್ಮನಿರಪ್ಪ,” ಅಂದರು ಅತ್ತೆ.

ಆಮೇಲೆ ಅವರನ್ನೇ ಕರೆದು ಕೇಳಿದರು: “ಇಂಥದ್ದು ಇವರಿಗೂ ಮಾಡಿಸಕ್ಕಾಗಲ್ವಾ?”

“ನಮ್ಮ ಆಸ್ಪತ್ರೆಯಲ್ಲೇ ಮಾಡಿಕೊಡ್ತಾರೆ, ಅಮ್ಮ.”

“ಮತ್ತೆ ಅವರಿಗೆ ಹೇಳಪ್ಪಾ. ನನಗ್ಯಾಕೆ ಹೇಳ್ತೀಯ?”

ಡಾಕ್ಟರು ಹೇಳಿದರು. ಯಾರನ್ನು ಕಾಣಬೇಕೆಂದು ಚೀಟಿಯಲ್ಲಿ ಬರೆದೂ ಕೊಟ್ಟರು. ಅಂಗಡಿಯಾಕೆ ಬಂದು ಮುದುಕಿಯ ದುಡ್ಡು ವಾಪಸು ಮಾಡಿದರು. ಅತ್ತೆ ಕೈಚೀಲದಿಂದ ಗಂಗೆಯ ಪುಟ್ಟ ಸೀಸೆ ತೆಗೆದು, ಮುದುಕಿಗೆ ಬೆನ್ನು ತಿರುಗಿಸಿ, ಬೂಟಿನ ಮೇಲೆ ಎರಡು ಹನಿ ಚಿಮುಕಿಸಿದರು. ಬೇರೆಯವರು ಮೆಟ್ಟಿದ್ದು, ಏನು ಮಾಡುವುದು. ಮುಖ ನೋಡಿ ಮಾಡಿದರೆ ಆಕೆಗೆ ಬೇಜಾರಾಗುತ್ತದೆ ಎಂದು ಆಮೇಲೆ ನನಗೆ ಹೇಳಿದರು. ಸೇವಂತಿಗೆಯ ಒಂದು ಸಸಿ ಕೊಡಲು ಬಂದರು ಆಕೆ. ವಿಮಾನದಲ್ಲಿ ಬಿಡುವುದಿಲ್ಲವೆಂದು ಡಾಕ್ಟರ ಕೈಗೆ ಕೊಡಿಸಿದೆವು.

ಬೊಂಬಾಯಿಯಲ್ಲಿ ವಿಮಾನ ಬದಲಾಯಿಸಿ ಬೆಂಗಳೂರಿಗೆ ಬಂದೆವು. ಆಗ ಇಳಿಯುವುದೆಂದರೆ ಏಣಿ ಮೆಟ್ಟಿಲು, ಆಮೇಲೆ ಬಿಸಿಲಲ್ಲಿ ಬಯಲು ದಾಟಿ ನಡೆಯುವುದು. ಅತ್ತೆ ಕಂಬಿ ಹಿಡಿದು ಇಳಿದರು. ಕೆಳಗೆ ಬಂದು ಸೆರಗು ಸರಿಮಾಡಿಕೊಂಡು, ನಾನು ಕೊಟ್ಟ ಕೈ ಬೇಡವೆಂದು ಮುಂದೆ ನಡೆದರು. ಹೊರಗೆ ಹತ್ತು ಹನ್ನೆರಡು ಜನ ನೆಂಟರು, ಎದುರಿಗೇ ದೊಡ್ಡತ್ತೆ. ಅವರು ಅತ್ತೆಯನ್ನು ತಲೆಯಿಂದ ಕಾಲಿನವರೆಗೆ ನೋಡಿ, ಬೂಟಿನ ಮೇಲೆ ಕಣ್ಣು ನಿಲ್ಲಿಸಿದರು.

“ಏನೇ ಇದು, ಪೋಲೀಸಿಗೆ ಸೇರಿದೀಯಾ?”

“ಹೂಂ ಅಕ್ಕ,” ಅಂದರು ಅತ್ತೆ.

ತಳ್ಳೋ ಕುರ್ಚಿಯ ಮಾತಿಗೆ ಅತ್ತೆಯಿಂದ ಉತ್ತರ ಬರಬಹುದೆಂದು ನಾನು ಕಾದೆ. ಬರಲಿಲ್ಲ. ಕಾರು ನಿಲ್ಲಿಸಿದ್ದು ದೂರ. ದೊಡ್ಡತ್ತೆ ಹೊರಟರು, ಮಗನ ಭುಜ ಹಿಡಿದು, ಎರಡು ಹೆಜ್ಜೆಗೊಮ್ಮೆ ನಿಂತು. ಅತ್ತೆ ಊರಲ್ಲಿಲ್ಲದ ಈ ತಿಂಗಳುಗಳಲ್ಲಿ ಅವರ ಮಂಡಿ ಹಿಡಿದುಕೊಂಡಿತ್ತು. ಯಾರೂ ಕಾಗದದಲ್ಲಿ ಬರೆದಿರಲಿಲ್ಲ.

ಅತ್ತೆ ಅವರನ್ನು ದಾಟಿ ಹೋಗಬಹುದಿತ್ತು. ಸಂತೆಯಲ್ಲಿ ಅವರ ನಡಿಗೆ ನಾನು ಕಂಡಿದ್ದೆನಲ್ಲ. ದಾಟಲಿಲ್ಲ. ದೊಡ್ಡತ್ತೆಯ ಪಕ್ಕಕ್ಕೆ ಹೋಗಿ, ಅವರು ನಿಂತಾಗ ನಿಂತು, ಅವರು ಹೆಜ್ಜೆ ಇಟ್ಟಾಗ ಇಟ್ಟು, ಅಷ್ಟೇ ನಿಧಾನಕ್ಕೆ ಕಾರಿನವರೆಗೂ ನಡೆದರು.