ಸೌತ್‌ಹಾಲ್ ಅಕ್ಕೋರ ರೋಮನ್ ಪಂಕ್ತಿ

ಪಂಕ್ತಿಯಲ್ಲಿ ಕೊನೆಯವರು ಕೂರುವತನಕ ಸುವರ್ಣಾ ಅಕ್ಕೋರು ಯಾರಿಗೂ ರೊಟ್ಟಿ ಹಾಕುತ್ತಿರಲಿಲ್ಲ. ಸೌತ್‌ಹಾಲ್‌ನ ಪುಟ್ಟ ಫ್ಲ್ಯಾಟಿನಲ್ಲಿ ಸೋಫಾ ಗೋಡೆಗೆ ಸರಿಸಿ, ಚಾಪೆ ಹಾಸಿ, ಪೇಪರ್ ಪ್ಲೇಟ್ ಇಡುತ್ತಿದ್ದರು. ಅದನ್ನೂ ‘ಎಲಿ’ ಎಂದೇ ಕರೆಯುತ್ತಿದ್ದರು. ಒಮ್ಮೆ ಬಾಯ್ಲರ್ ರಿಪೇರಿಗೆ ಬಂದ ಬಿಳಿಯನನ್ನೂ ಬಿಡದೆ ಕೂರಿಸಿದರು. ಶೇಂಗಾ ಚಟ್ನಿಗೆ ಅವನ ಮುಖ ಕೆಂಪಾಯಿತು. ಮೊಸರು ಬಡಿಸಿ, “ತಿನ್ನೋ ತಮ್ಮಾ, ಸಾಯಂಗಿಲ್ಲ” ಎಂದರು, ಕನ್ನಡದಲ್ಲೇ. ತಿಂದ.

ಬಿಜಾಪುರದಲ್ಲಿ ಇತಿಹಾಸ ಕಲಿಸಿ, ನಿವೃತ್ತರಾಗಿ ವಿಲಾಯಿತಿಯಲ್ಲಿದ್ದ ಮಗನ ಬಳಿ ಬಂದವರು ಅವರು. ಅವರ ಪಂಕ್ತಿಗೆ ಬರುತ್ತಿದ್ದ ನಾನು ಹಗಲು ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ ಸಂಜೆ ಡಿಗ್ರಿ ಓದುತ್ತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು ನಾನೇ. ಕೊನೆಯ ವರ್ಷ, ರೋಮನ್ನರ ಪೌರತ್ವ ಹೇಗೆ ಹಬ್ಬಿತು ಎಂಬ ಪ್ರಬಂಧದಲ್ಲಿ ಫೇಲಾದೆ. ಇನ್ನೊಂದೇ ಅವಕಾಶ, ತಪ್ಪಿದರೆ ಡಿಗ್ರಿಯೇ ಇಲ್ಲ.

ಅಕ್ಕೋರು ಪ್ರಬಂಧ ಓದಿ ಕನ್ನಡಕ ತೆಗೆದರು. “ಇಸವಿ ಬರದೀ, ರಾಜರನ್ನ ಬರದೀ. ಹೊರಗ ನಿಂತ ಮಂದಿ ಎಲ್ಲಿ ಅದಾರ ತಂಗೀ?”

ನಾನು ಹಾಳೆ ತಿರುವಿ ಹುಡುಕಿದೆ.

“ಪೌರತ್ವ ಅಂದ್ರ ಒಂದು ಪಂಕ್ತಿ ಇದ್ದಂಗ. ಮೊದಲಿಗೆ ರೋಮ್ ಊರವರಿಗಷ್ಟ ಎಲಿ. ಇಟಲಿ ಮಂದಿ ಅವರ ಕೂಡ ಯುದ್ಧಕ್ಕ ಹೋಗಿ ಸಾಯೋರು, ಊಟಕ್ಕ ಮಾತ್ರ ಹೊರಗ. ಸಿಟ್ಟಿಗೆದ್ದು ರೋಮ್ ಮ್ಯಾಲೇ ಕತ್ತಿ ಹಿರದ್ರು. ಆಗ ಜಾಗಾ ಸಿಕ್ತು. ಪರನಾಡಿನ ಸಿಪಾಯಿ ಇಪ್ಪತ್ತೈದು ವರ್ಷ ದುಡದು ಪಂಕ್ತ್ಯಾಗ ಕುಂತ. ಕಡೀಕ ಕ್ಯಾರಕಲ್ಲಾ ದೊರಿ ಸಾಮ್ರಾಜ್ಯದಾಗಿನ ಸ್ವತಂತ್ರರಿಗೆಲ್ಲಾ ಎಲಿ ಹಾಕಿಸಿದ.”

“ದೊಡ್ಡ ಮನಸ್ಸು ಬಿಡ್ರಿ” ಎಂದೆ.

“ತೆರಿಗಿ ಬರ್ತದಂತ ಹಾಕಿಸ್ಯಾನ, ಹುಚ್ಚಿ! ಗುಲಾಮರು ಆಗೂ ಹೊರಗ ಉಳದ್ರು. ಅದನ್ನೂ ಬರಿ.”

ನಮ್ಮೂರ ಮದುವೆಗಳಲ್ಲಿ ಎಲ್ಲರೂ ಉಂಡೆದ್ದ ಮೇಲೆ ಅಪ್ಪ ಅಂಗಳದಲ್ಲಿ ಉಣ್ಣುತ್ತಿದ್ದುದು ನೆನಪಾಯಿತು. ಹೊರಗೆ ನಿಂತವರ ಕಡೆಯಿಂದ ಬರೆದೆ. ಪಾಸಾದೆ.

ಅಕ್ಕೋರು ತೀರಿಕೊಂಡು ವರ್ಷಗಳಾದವು. ನೆನೆದಾಗಲೆಲ್ಲ ಕಣ್ಣಿಗೆ ಬರುವುದು ನಾನು ಪದವಿ ಪಡೆದ ದಿನ. ನನ್ನ ದುಡಿಮೆಯ ಟಿಕೆಟಿನಲ್ಲಿ ಅಪ್ಪ ಊರಿಂದ ಬಂದಿದ್ದ. ಅಕ್ಕೋರ ಮನೆಯಲ್ಲಿ ಊಟ. ಎಲ್ಲರೂ ಕೂತರು, ಅಪ್ಪ ರೂಢಿಯಂತೆ ಬಾಗಿಲ ಬಳಿಯೇ ನಿಂತ. “ನಾ ಆಮ್ಯಾಲ ಉಣ್ತೀನ್ರೀ.”

ಅಕ್ಕೋರು ರೊಟ್ಟಿ ಬುಟ್ಟಿ ಹಿಡಿದು ನಿಂತೇಬಿಟ್ಟರು. “ನೀವು ಕೂಡೂತನ ನಿಮ್ಮ ಮಗಳಿಗೂ ಉಪವಾಸನ ರೀ, ಅಣ್ಣಾರ.”

ಬುಟ್ಟಿಯಲ್ಲಿ ರೊಟ್ಟಿ ಆರುತ್ತಿತ್ತು.

ಅಪ್ಪ ಬಂದು ನನ್ನ ಗೌನಿನ ಪಕ್ಕ ಕೂತ. ಮೊದಲ ರೊಟ್ಟಿ ಅವನ ಎಲೆಗೇ ಬಿತ್ತು. ತಲೆ ತಗ್ಗಿಸಿ ತಿಂದ. ಆಮೇಲೆ ತಲೆಯೆತ್ತಿ, ಪಂಕ್ತಿಗೆಲ್ಲ ಕೇಳುವಂತೆ ಕೂಗಿದ: “ಅಕ್ಕೋರ, ಇನ್ನೊಂದು ತರ್ರೀ!”